ಹೋದ ಸಲ ಏನಾಗಿತ್ತು? ಡಿ ಅಂಡ್ ಡಿ ಸೆಷನ್ನಿನ ಕಥೆ ಬರೆದಿಡಲು ಸಮಗ್ರ ಮಾರ್ಗದರ್ಶಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ಡಿ ಅಂಡ್ ಡಿ ಆಟ ಶುರುವಾಗುವ ಮೊದಲು ಅದನ್ನು ನಡೆಸುವ ಡಿಎಂ ಕೇಳುವ ಪ್ರಶ್ನೆ ಒಂದೇ: "ಹೋದ ಸಲ ಏನಾಗಿತ್ರೋ?" ಕೂಡಲೇ ಮೇಜಿನ ಸುತ್ತ ಕುಳಿತವರೆಲ್ಲ ತಮ್ಮ ತಮ್ಮ ಕ್ಯಾರೆಕ್ಟರ್ ಶೀಟಿನೊಳಗೆ, ಅಂದರೆ ಪಾತ್ರದ ವಿವರ ಬರೆದ ಹಾಳೆಯೊಳಗೆ, ಮುಖ ಹುದುಗಿಸುತ್ತಾರೆ. ಒಬ್ಬನಿಗೆ ದಾಳದಲ್ಲಿ ತನಗೆ ಬಿದ್ದ ಇಪ್ಪತ್ತು ಮಾತ್ರ ನೆನಪಿದೆ. ಇನ್ನೊಬ್ಬಳಿಗೆ ಬಾಗಿಲಿನ ಒಗಟು ನೆನಪಿದೆ, ಉತ್ತರ ಮರೆತಿದೆ. ಕೀಲಿ ಯಾರ ಹತ್ತಿರ ಇದೆ ಎಂದರೆ ನಾಲ್ಕು ಮಂದಿ ನಾಲ್ಕು ಹೆಸರು ಹೇಳುತ್ತಾರೆ. ಹದಿನೈದು ದಿನಕ್ಕೊಮ್ಮೆ ಸೇರುವ ಗುಂಪು ಅಂದಮೇಲೆ ನಡುವೆ ಪರೀಕ್ಷೆ, ಮದುವೆ, ಸಿದ್ಧೇಶ್ವರ ಜಾತ್ರೆ ಬಂದೇ ಬರುತ್ತವೆ. ಒಂದು ತಿಂಗಳು ತಪ್ಪಿತೆಂದರೆ ಕ್ಯಾಂಪೇನ್, ಅಂದರೆ ಕಂತು ಕಂತಾಗಿ ಆಡುವ ಇಡೀ ಕಥೆ, ಮರೆವಿನಲ್ಲೇ ಮುಗಿದುಹೋಗುತ್ತದೆ.

ಇದಕ್ಕೆ ಮದ್ದು, ಸೆಷನ್ ಮುಗಿದ ಮೇಲೆ ಯಾರಾದರೂ ಒಬ್ಬರು ನಡೆದದ್ದನ್ನು ಬರೆದಿಡುವುದು. ರೀಕ್ಯಾಪ್ ಅನ್ನಿ, ವರದಿ ಅನ್ನಿ. ಬರೆಯುವವರು ಇದ್ದಾರೆ, ಆದರೆ ಓದಿಸಿಕೊಂಡು ಹೋಗುವ ರೀಕ್ಯಾಪ್ ಸಿಗುವುದು ಅಪರೂಪ. ದಾಳ ಎಷ್ಟು ಬಿತ್ತು ಎಂಬುದನ್ನೆಲ್ಲ ಬರೆದು, ಪಾತ್ರಗಳು ಏನನ್ನು ಆರಿಸಿಕೊಂಡವು ಎಂಬುದನ್ನು ಬಿಟ್ಟುಬಿಡುವುದೇ ಅದಕ್ಕೆ ಕಾರಣ ಎಂದು ನನ್ನ ಅನಿಸಿಕೆ. ಕೆಳಗೆ ಹೇಳಿರುವ ಎಲ್ಲವೂ ಈ ಒಂದು ಮಾತಿನ ಸುತ್ತಲೇ ಇದೆ. ಉದಾಹರಣೆಗಳು ವಿಜಯಪುರದ ನಮ್ಮ ಗುಂಪಿನ ಆಟದವು.

ಆಟ ಗೊತ್ತಿಲ್ಲದವರಿಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಹೊರಬಂದ ಆಟ. ರೂಪಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಡಿಎಂ. ಆ ಲೋಕದ ರಾಜ, ರಾಕ್ಷಸ, ಚಹಾದಂಗಡಿಯವ ಎಲ್ಲರೂ ಅವರೇ. ಉಳಿದವರು ತಲಾ ಒಂದು ಪಾತ್ರ ಹಿಡಿಯುತ್ತಾರೆ. ಏನು ಮಾಡುತ್ತೀರೋ ಬಾಯಿಂದ ಹೇಳಬೇಕು. ಅದು ಆಗುತ್ತದೋ ಇಲ್ಲವೋ ಎಂಬ ಅನುಮಾನವಿದ್ದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಒಂದು ಸಲ ಕುಳಿತು ಆಡಿದ್ದು ಒಂದು ಸೆಷನ್, ಅಂಥ ಸೆಷನ್‌ಗಳ ಸರಣಿ ಕ್ಯಾಂಪೇನ್. ನಾವು ಆಡುವುದು 2014ರ ಐದನೆಯ ಆವೃತ್ತಿ. ಮುಂದೆ ಬರುವ ನಿಯಮ, ಅಂಕಿಗಳು ಅದರವು.

ಹೆಜ್ಜೆ 1: ಯಾರು ಬರೆಯಬೇಕು, ಯಾರಿಗೆ

ಡಿಎಂ ಬರೆಯಬಾರದು. ಪಾಪ, ಅವರಿಗೆ ಮೊದಲೇ ಕೈತುಂಬ ಕೆಲಸ. ಅದಕ್ಕಿಂತ ದೊಡ್ಡ ಕಾರಣ, ಅವರಿಗೆ ಗುಟ್ಟುಗಳು ಗೊತ್ತು. "ಬಾವಿ ಕಾಯುವ ಮುದುಕ ಅನುಮಾನಾಸ್ಪದವಾಗಿ ನಕ್ಕ" ಎಂದು ಅವರು ಬರೆದುಬಿಟ್ಟರೆ ಆಟಗಾರರಿಗೆ ಸುಳಿವು ಸಿಕ್ಕಂತೆ. ಆಟಗಾರರು ಬರೆದರೆ ಡಿಎಂಗೂ ಲಾಭ ಇದೆ: ತಾನು ಎರಡು ರಾತ್ರಿ ಕುಳಿತು ಹೆಣೆದ ವಂಶವೃಕ್ಷ ಯಾರ ತಲೆಗೂ ಹೋಗಿಲ್ಲ, ಸುಮ್ಮನೆ ಬಾಯಿಗೆ ಬಂದಂತೆ ಹೇಳಿದ ಕುಂಟ ಮೇಕೆ ಮಾತ್ರ ಎಲ್ಲರಿಗೂ ನೆನಪಿದೆ ಎಂಬುದು ಆ ರೀಕ್ಯಾಪ್‌ನಿಂದಲೇ ತಿಳಿಯುತ್ತದೆ. ಮುಂದಿನ ಸಲ ಮೇಕೆ ಮತ್ತೆ ಬರುತ್ತದೆ.

ಸರದಿ ಪ್ರಕಾರ ಬರೆಯುವುದು ಒಳ್ಳೆಯದು. ಆದರೆ ಗುಂಪಿನಲ್ಲಿ ಬರೆಯಲು ಮನಸ್ಸಿಲ್ಲದ ಒಬ್ಬರಾದರೂ ಇರುತ್ತಾರೆ. ಅವರನ್ನು ಒತ್ತಾಯಿಸಬೇಡಿ, ನಕ್ಷೆಯ ಕೆಲಸವನ್ನೋ ಲೆಕ್ಕದ ಕೆಲಸವನ್ನೋ ಒಪ್ಪಿಸಿ.

ಓದುವವರ ವಿಷಯಕ್ಕೆ ಬಂದರೆ, ಆ ದಿನ ಬರಲಾಗದ ಆಟಗಾರನನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆಯಿರಿ. ಅವನಿಗೆ ಲೋಕ ಗೊತ್ತು, ಪಾತ್ರಗಳು ಗೊತ್ತು. ಆ ನಾಲ್ಕು ತಾಸು ಮಾತ್ರ ಗೊತ್ತಿಲ್ಲ. ಹೀಗೆ ಬರೆದರೆ ಎಲ್ಲಿ ವಿವರಿಸಬೇಕು, ಎಲ್ಲಿ ಬೇಡ ಎಂಬ ಅಳತೆ ತಾನಾಗಿ ಸಿಗುತ್ತದೆ. ಬೆನ್ ರಾಬಿನ್ಸ್ ಎಂಬ ಡಿಎಂ ನಡೆಸಿದ ವೆಸ್ಟ್ ಮಾರ್ಚಸ್ ಎಂಬ ಹೆಸರಾಂತ ಕ್ಯಾಂಪೇನಿನಲ್ಲಿ ಇದು ಆಟದ ಭಾಗವೇ ಆಗಿತ್ತು. ಅಲ್ಲಿ ಪ್ರತಿ ಸಲ ಬೇರೆ ಬೇರೆ ಆಟಗಾರರು ಸೇರುತ್ತಿದ್ದರು. ಹೋಗಿ ಬಂದವರು ಬರೆದ ವರದಿ ಓದಿದರೇ ಉಳಿದವರಿಗೆ ಯಾವ ಕಾಡಿನಲ್ಲಿ ಏನಿದೆ ಎಂದು ತಿಳಿಯುತ್ತಿತ್ತು.

ಹೆಜ್ಜೆ 2: ಮೇಜಿನ ಮೇಲೆ ಏನು ಗುರುತು ಹಾಕಿಕೊಳ್ಳಬೇಕು

ಎಲ್ಲವನ್ನೂ ಬರೆದುಕೊಳ್ಳಲು ಕುಳಿತರೆ ನೀವು ಆಡುವುದು ಬಿಟ್ಟು ಗುಮಾಸ್ತರಾಗುತ್ತೀರಿ. ನೂರು ಪುಟದ ಒಂದು ಸಾದಾ ನೋಟ್‌ಬುಕ್ ಸಾಕು. ಮಿರ್ಚಿ ಭಜಿ ತಿಂದ ಕೈಯಲ್ಲಿ ಮುಟ್ಟುವವರು ಇದ್ದೇ ಇರುತ್ತಾರೆ, ಆದ್ದರಿಂದ ಚೆಂದದ ಡೈರಿ ತರಬೇಡಿ.

ಮುಖ್ಯವಾಗಿ ಬರೆದುಕೊಳ್ಳಬೇಕಾದದ್ದು ಹೆಸರು. ಡಿಎಂ ಒಂದು ಹೆಸರು ಹೇಳಿದ ಕೂಡಲೇ ಬರೆದುಬಿಡಿ, ಕಾಗುಣಿತ ಕೇಳಿಯೇ ಬರೆಯಿರಿ. ಎಷ್ಟೋ ಸಲ ಆ ಹೆಸರು ಅವರಿಗೂ ಆಗಷ್ಟೇ ಹೊಳೆದಿರುತ್ತದೆ, ಮುಂದಿನ ಸಲ ಅವರೇ ನಿಮ್ಮನ್ನು ಕೇಳುತ್ತಾರೆ. ಅದರ ಜೊತೆಗೆ ಕೊಟ್ಟ ಮಾತು, ಮಾಡಿದ ಸಾಲ, ಕೈಗೆ ಬಂದ ವಸ್ತು. ಇವು ಮೂರೂ ಮುಂದೆ ಜಗಳಕ್ಕೆ ಕಾರಣವಾಗುವಂಥವು.

ಇನ್ನು ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ತಕರಾರಿನ ಕ್ಷಣ. ಮೇಜಿನ ಸುತ್ತ ದನಿ ಏರಿತು, "ಬ್ಯಾಡಲೇ, ಹೋಗೂದು ಬ್ಯಾಡ" ಎಂದು ಒಬ್ಬ, "ನೀ ಕುಂಡ್ರು, ನಾವು ಹೋಗ್ತೀವಿ" ಎಂದು ಇನ್ನೊಬ್ಬಳು ಅಂದರು ಎಂದರೆ ಪೆನ್ನು ಎತ್ತಿ ಒಂದು ನಕ್ಷತ್ರ ಹಾಕಿ. ಯಾರು ಏನು ಅಂದರು, ಕೊನೆಗೆ ಏನಾಯಿತು, ಎರಡೇ ಸಾಲು. ಒಂದು ಸೆಷನ್ನಿನಲ್ಲಿ ಇಂಥ ನಕ್ಷತ್ರ ಮೂರೋ ನಾಲ್ಕೋ ಬೀಳುತ್ತವೆ. ರೀಕ್ಯಾಪ್‌ನ ಬೆನ್ನೆಲುಬು ಅವೇ.

ಮೊಬೈಲಿನಲ್ಲಿ ಇಡೀ ಸೆಷನ್ ರೆಕಾರ್ಡ್ ಮಾಡುವ ಅಭ್ಯಾಸ ಕೆಲವರಿಗಿದೆ. ನನಗೆ ಅದು ಹಿಡಿಸುವುದಿಲ್ಲ. ನಾಲ್ಕು ತಾಸಿನ ಗದ್ದಲವನ್ನು ಮತ್ತೆ ಕೂತು ಕೇಳುವವರು ಯಾರು? ಅದೂ ಅಲ್ಲದೆ, ಮೈಕು ಇದೆ ಎಂದು ಗೊತ್ತಾದರೆ ಕೆಲವರು ಬಿಚ್ಚಿ ಆಡುವುದಿಲ್ಲ. ಮಾಡಲೇಬೇಕೆಂದರೆ ಎಲ್ಲರ ಒಪ್ಪಿಗೆ ಪಡೆಯಿರಿ. ಅದಕ್ಕಿಂತ, ಆಟ ಮುಗಿಸಿ ಮನೆಗೆ ಹೋದಮೇಲೆ ನೆನಪಿದ್ದಷ್ಟನ್ನು ನಿಮ್ಮದೇ ದನಿಯಲ್ಲಿ ಐದು ನಿಮಿಷ ಹೇಳಿ ರೆಕಾರ್ಡ್ ಮಾಡಿಡುವುದು ಹೆಚ್ಚು ಉಪಯೋಗ.

ಹೆಜ್ಜೆ 3: ಅದೇ ರಾತ್ರಿ ಅಸ್ಥಿಪಂಜರ

ಬರವಣಿಗೆ ವಾರದೊಳಗೆ ಯಾವಾಗ ಬೇಕಾದರೂ ಆಗಲಿ, ಅಸ್ಥಿಪಂಜರ, ಅಂದರೆ ಕಥೆಯ ಹಂದರ, ಮಾತ್ರ ಅದೇ ರಾತ್ರಿ ಆಗಬೇಕು. ನಕ್ಷತ್ರ ಹಾಕಿದ ಪ್ರತಿ ಕ್ಷಣಕ್ಕೂ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಆ ಹೊತ್ತಿಗೆ ಅವರಿಗೆ ಏನು ಗೊತ್ತಿತ್ತು? ಏನೇನು ದಾರಿ ಇದ್ದವು? ಯಾವುದನ್ನು ಹಿಡಿದರು? ಅದಕ್ಕೆ ಏನು ತೆತ್ತರು?

ನಮ್ಮ ಒಂದು ಸೆಷನ್ ತೆಗೆದುಕೊಳ್ಳೋಣ. ನಮ್ಮ ಕ್ಯಾಂಪೇನ್ ನಡೆಯುವುದು ಗುಮ್ಮಟಪುರ ಎಂಬ ಕಲ್ಪಿತ ಊರಿನಲ್ಲಿ, ಆದರೆ ಡಿಎಂ ಅದನ್ನು ಕಟ್ಟಿದ್ದು ನಮ್ಮೂರನ್ನೇ ನೋಡಿ. ಆದಿಲಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ನಗರಕ್ಕೆ ನೀರು ತರಲು ನೆಲದಡಿ ಸುರಂಗ ತೋಡಿದ್ದರು. ಪರ್ಷಿಯಾದ ಕರೇಜ್ ಪದ್ಧತಿ ಅದು: ಕೆಳಗೆ ನೀರು ಹರಿಯುವ ಸುರಂಗ, ಮೇಲಿನಿಂದ ಅಲ್ಲಲ್ಲಿ ನೆಟ್ಟಗೆ ಇಳಿಯುವ ಬಾವಿಯಂಥ ಕಿಂಡಿಗಳು. ಊರೊಳಗೆ ನೀರಿನ ಒತ್ತಡ ತಗ್ಗಿಸಲು ಗಂಜ್ ಎಂದು ಕರೆಯುವ ಗೋಪುರಗಳು. ಸುರಂಗ ಬಾವಡಿ ಇವತ್ತಿಗೂ ಇದೆ. ಇಂಥ ಊರಿನಲ್ಲಿದ್ದುಕೊಂಡು ಡಂಜನ್ ಹುಡುಕಿಕೊಂಡು ಯುರೋಪಿನ ಕೋಟೆಗೆ ಹೋಗುವ ಅಗತ್ಯವೇನಿದೆ?

ಆಟದಲ್ಲಿ ಗುಮ್ಮಟಪುರದ ಗಂಜಿನ ನೀರು ಹುಳಿಯಾಗತೊಡಗಿತ್ತು. ಬಾವಿ ಕಾಯುವ ಖಾದರ್ ಕಾಕಾನ ಮೊಮ್ಮಗ ಏನಾಗಿದೆ ನೋಡಲು ಇಳಿದವನು ಮೇಲೆ ಬಂದಿರಲಿಲ್ಲ. ನಮ್ಮ ನಾಲ್ವರು ಇಳಿದರು: ಹಾಫ್‌ಲಿಂಗ್ ಕಳ್ಳ ಬಸ್ಯಾ, ಡ್ವಾರ್ಫ್ ಕ್ಲೆರಿಕ್ (ದೇವರ ಬಲದ ಪೂಜಾರಿ) ಗೌರವ್ವ, ಎಲ್ಫ್ ವಿಝಾರ್ಡ್ (ಮಂತ್ರವಾದಿ) ನೀಲಾ, ಮನುಷ್ಯ ಫೈಟರ್ (ಕಾದಾಳು) ರುಸ್ತುಂ. ಹಾಫ್‌ಲಿಂಗ್, ಡ್ವಾರ್ಫ್ ಅಂದರೆ ಕುಳ್ಳ ಕುಲಗಳು, ಎಲ್ಫ್ ಅಂದರೆ ಚೂಪು ಕಿವಿಯ ಕುಲ. ಹುಡುಗ ಸಿಕ್ಕ, ಆದರೆ ಅವನ ಕಾಲು ಹಾಸುಗಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಸುರಂಗದ ಆ ತುದಿಯಿಂದ ಜೆಲಾಟಿನಸ್ ಕ್ಯೂಬ್ ಬಂತು.

ಈ ಜಂತು ಗೊತ್ತಿಲ್ಲದವರಿಗೆ: ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಪಾರದರ್ಶಕ ಲೋಳೆ. ಓಣಿಯನ್ನು ತುಂಬಿಕೊಂಡು ಸರಿಯುತ್ತ, ಸಿಕ್ಕಿದ್ದನ್ನೆಲ್ಲ ಒಳಗೆಳೆದು ಆಮ್ಲದಲ್ಲಿ ಕರಗಿಸುತ್ತದೆ. ಕರಗದ ಲೋಹದ ಸಾಮಾನು ಹೊಟ್ಟೆಯೊಳಗೆ ತೇಲುತ್ತಿರುತ್ತದೆ. ಅದರ ವೇಗ ಒಂದು ಸರದಿಗೆ 15 ಅಡಿ, ಮನುಷ್ಯನದು 30, ಡ್ವಾರ್ಫ್ ಮತ್ತು ಹಾಫ್‌ಲಿಂಗ್‌ನದು 25. ಅಂದರೆ ಓಡಿದ್ದರೆ ನಾಲ್ವರೂ ಆರಾಮಾಗಿ ಪಾರಾಗುತ್ತಿದ್ದರು.

ನಕ್ಷತ್ರ ಬೀಳುವುದು ಇಲ್ಲೇ. ಅಸ್ಥಿಪಂಜರ ಹೀಗಿತ್ತು: ಗೊತ್ತಿದ್ದದ್ದು, ಕ್ಯೂಬ್ ನಿಧಾನ. ದಾರಿಗಳು, ಓಡುವುದು ಅಥವಾ ಹುಡುಗನನ್ನು ಬಿಡಿಸುವತನಕ ತಡೆಯುವುದು. ಹಿಡಿದದ್ದು, ರುಸ್ತುಂ ಅಡ್ಡ ನಿಂತ, ನೀಲಾ ಮತ್ತು ಗೌರವ್ವ ಕಲ್ಲು ಎತ್ತಿದರು, ಓಡೋಣ ಎಂದಿದ್ದ ಬಸ್ಯಾನೂ ಉಳಿದ. ತೆತ್ತದ್ದು, ರುಸ್ತುಂ ಕ್ಯೂಬಿನ ಹೊಟ್ಟೆಗೆ ಹೋದ.

ಇದಿಷ್ಟು ಕೈಯಲ್ಲಿದ್ದರೆ ಉಳಿದದ್ದು ಬರೆಯುವ ಕೆಲಸ ಮಾತ್ರ. ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗ "ಆಮೇಲೆ" ಎಂದು ಬರೆದಲ್ಲೆಲ್ಲ ತಡೆದು ನೋಡಿ, ಅಲ್ಲಿ "ಅದಕ್ಕೇ" ಅಥವಾ "ಆದರೆ" ಕೂರುತ್ತದೆಯೇ ಎಂದು. ಕೂರದಿದ್ದರೆ ಆ ದೃಶ್ಯ ಒಂದು ಸಾಲಿಗೆ ಇಳಿಯಬೇಕು. ಅಂಗಡಿಯಲ್ಲಿ ಹಗ್ಗ, ಕಂದೀಲು ಕೊಳ್ಳಲು ನಮಗೆ ಮುಕ್ಕಾಲು ತಾಸು ಹಿಡಿದಿತ್ತು, ಚೌಕಾಶಿಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದೂ ನಿಜ. ಬರಹದಲ್ಲಿ ಅದಕ್ಕೆ ಸಿಕ್ಕಿದ್ದು: "ಹಗ್ಗ ಕೊಂಡರು."

ಹೆಜ್ಜೆ 4: ಕಾಳಗ ಬರೆಯುವುದು

ರೀಕ್ಯಾಪ್ ಕೆಡುವುದು ಹೆಚ್ಚಾಗಿ ಇಲ್ಲಿ. ಐದನೆಯ ಆವೃತ್ತಿಯಲ್ಲಿ ಕಾಳಗದ ಒಂದು ಸುತ್ತು ಅಂದರೆ ಕಥೆಯೊಳಗೆ ಆರು ಸೆಕೆಂಡು. ಐದು ಸುತ್ತಿನ ಕಾಳಗ ಕಥೆಯಲ್ಲಿ ಅರ್ಧ ನಿಮಿಷ, ಮೇಜಿನ ಮೇಲೆ ಒಂದು ತಾಸು. ಬರೆಯುವವರು ಈ ತಾಸನ್ನು ಬರೆಯಲು ಹೋಗುತ್ತಾರೆ. ಓದುವವರಿಗೆ ಬೇಕಾದದ್ದು ಆ ಅರ್ಧ ನಿಮಿಷ.

ಕೆಟ್ಟ ಮಾದರಿ ಹೀಗಿರುತ್ತದೆ:

"ರುಸ್ತುಂ 14 ಹೊಡೆದ, ತಾಗಿತು, 9 ಡ್ಯಾಮೇಜ್. ನೀಲಾ ಫೈರ್ ಬೋಲ್ಟ್, ತಾಗಿತು, 7. ಕ್ಯೂಬ್ ಎನ್‌ಗಲ್ಫ್ ಮಾಡಿತು, ರುಸ್ತುಂ ಸೇವ್ ಫೇಲ್. ಆಮೇಲೆ ಬಸ್ಯಾ..."

ಇದರಲ್ಲಿ ಸುಳ್ಳೇನೂ ಇಲ್ಲ, ಸುದ್ದಿಯೂ ಇಲ್ಲ. ಕ್ಯೂಬಿನ ಆರ್ಮರ್ ಕ್ಲಾಸ್, ಅಂದರೆ ಏಟು ತಾಗಲು ಮುಟ್ಟಬೇಕಾದ ಅಂಕಿ, ಬರೀ 6; ಹಿಟ್ ಪಾಯಿಂಟ್, ಅಂದರೆ ಏಟು ತಾಳುವ ಶಕ್ತಿ, 84. ಯಾರು ಬೀಸಿದರೂ ಬಹುತೇಕ ತಾಗುತ್ತದೆ, ಮತ್ತು ಒಂದೆರಡು ಏಟಿಗೆ ಅದು ಸಾಯುವುದೂ ಇಲ್ಲ. ಹಾಗಿರುವಾಗ ತಾಗಿತು ತಾಗಿತು ಎಂದು ಬರೆದು ಏನು ಪ್ರಯೋಜನ?

ಕಾಳಗಕ್ಕೆ ನಾನು ಮೂರು ಕ್ಷಣ ಮಾತ್ರ ಹುಡುಕುತ್ತೇನೆ: ಏಕೆ ಶುರುವಾಯಿತು, ಎಲ್ಲಿ ತಿರುಗಿತು, ಮುಗಿದಾಗ ಯಾರಿಗೆ ಏನು ಕಡಿಮೆಯಾಗಿತ್ತು. ನಡುವಿನದೆಲ್ಲ ಒಂದು ವಾಕ್ಯ. ಅದೇ ಘಟನೆ ಹೀಗೆ ಬರೆದಾಗ:

"ನೀರು ಮೊಣಕಾಲಮಟ ಇತ್ತು. ಗೌರವ್ವನ ಕಂದೀಲಿನ ಬೆಳಕು ಮುಂದೆ ಎಲ್ಲಿಯೋ ತಡೆದು ಬಾಗುತ್ತಿತ್ತು. ಅದನ್ನು ಮೊದಲು ಕಂಡವಳು ನೀಲಾ: ಸುರಂಗದ ತುಂಬ ನೀರಿಗಿಂತ ಒಂದಿಷ್ಟು ಗಟ್ಟಿಯಾದ ಏನೋ ಸರಿದು ಬರುತ್ತಿದೆ, ಅದರೊಳಗೆ ಒಂದು ತಾಮ್ರದ ಕೊಡ, ಒಂದು ಹಿತ್ತಾಳೆ ಕೀಲಿ ತೇಲುತ್ತಿವೆ.

'ಇದು ಮೆಲ್ಲಕ ನಡೀತೈತಿ. ಈಗ ಓಡಿದ್ರ ನಮ್ಮ ಕೂದಲಾ ಕೊಂಕಂಗಿಲ್ಲ' ಅಂದ ಬಸ್ಯಾ.

'ಮತ್ತ ಈ ಹುಡುಗ?' ಅಂದಳು ಗೌರವ್ವ. ಬಸ್ಯಾ ಹುಡುಗನ ಕಡೆ ನೋಡಲಿಲ್ಲ.

ರುಸ್ತುಂ ಏನೂ ಅನ್ನಲಿಲ್ಲ. ಢಾಲು ಮುಂದೆ ಹಿಡಿದು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತ. ಕಲ್ಲು ಮೇಲೆದ್ದು ಹುಡುಗನ ಕಾಲು ಹೊರಬರುವ ಹೊತ್ತಿಗೆ ಢಾಲೂ ಕಾಣುತ್ತಿರಲಿಲ್ಲ, ರುಸ್ತುಂನೂ ಕಾಣುತ್ತಿರಲಿಲ್ಲ. ಆಗ ಓಡಲು ಹೇಳಿದ್ದ ಬಸ್ಯಾ ಹಗ್ಗದ ಒಂದು ತುದಿ ಸೊಂಟಕ್ಕೆ ಬಿಗಿದು, ಇನ್ನೊಂದನ್ನು ನೀಲಾಳ ಕೈಗೆ ಕೊಟ್ಟು, ಭುಜದತನಕ ಎರಡೂ ಕೈಯನ್ನು ಆ ಲೋಳೆಯೊಳಗೆ ತುರುಕಿದ."

ದಾಳದ ಒಂದು ಅಂಕಿಯೂ ಇಲ್ಲಿಲ್ಲ. ಆದರೆ ನಿಯಮ ತಪ್ಪಿಲ್ಲ: ಕ್ಯೂಬಿನೊಳಗೆ ಸಿಕ್ಕವನನ್ನು ಹೊರಗಿನವರು ಎಳೆಯಬಹುದು, ಎಳೆಯುವವನಿಗೂ ಆಮ್ಲದ ಏಟು ಬೀಳುತ್ತದೆ. ಬಸ್ಯಾನ ಆಟಗಾರನಿಗೆ ಅದು ಗೊತ್ತಿದ್ದೇ ಕೈ ಹಾಕಿದ್ದು, ಅದಕ್ಕೇ ಅದು ಬರೆಯಲು ತಕ್ಕ ಕ್ಷಣ.

ಹಾಗಂತ ಅಂಕಿಗಳನ್ನು ಪೂರ್ತಿ ಹೊರಹಾಕಬೇಕೆಂದೇನೂ ಇಲ್ಲ. ಡೆತ್ ಸೇವ್ ಇದೆಯಲ್ಲ, ಅದು ಬರಹಕ್ಕೆ ಹೇಳಿ ಮಾಡಿಸಿದ ನಿಯಮ. ಹಿಟ್ ಪಾಯಿಂಟ್ ಸೊನ್ನೆಗೆ ಇಳಿದು ಬಿದ್ದವನು ತನ್ನ ಸರದಿ ಬಂದಾಗಲೆಲ್ಲ ದಾಳ ಉರುಳಿಸಬೇಕು. ಹತ್ತು ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆ ಬಿದ್ದರೆ ಒಂದು ಸೋಲು. ಮೂರು ಗೆಲುವಿಗೆ ಜೀವ ನಿಲ್ಲುತ್ತದೆ, ಮೂರು ಸೋಲಿಗೆ ಸಾವು. ಒಂದು ಬಿದ್ದರೆ ಎರಡು ಸೋಲಿನ ಲೆಕ್ಕ, ಇಪ್ಪತ್ತು ಬಿದ್ದರೆ ಒಂದು ಹಿಟ್ ಪಾಯಿಂಟಿನೊಂದಿಗೆ ಎದ್ದು ಕೂರುತ್ತಾನೆ. ಇಂಥಲ್ಲಿ ಮೇಜನ್ನೇ ಬರೆಯಿರಿ. ರುಸ್ತುಂನ ಎರಡು ಸೋಲು ಆಗಿತ್ತು, ಯಾರೂ ಚುರಮರಿಗೆ ಕೈ ಹಾಕಿರಲಿಲ್ಲ ಎಂಬುದು ಕೂಡ ಆ ಸೆಷನ್ನಿನಲ್ಲಿ ನಡೆದದ್ದೇ.

ಹಾಗೆಯೇ ದಾಳದಲ್ಲಿ ಒಂದು ಬಿದ್ದಾಗಲೆಲ್ಲ ಪಾತ್ರವನ್ನು ಕೋಡಂಗಿ ಮಾಡಬೇಡಿ. ನುರಿತ ಫೈಟರ್ ತನ್ನ ಕತ್ತಿಯಿಂದ ತನ್ನ ಕಾಲಿಗೇ ಹೊಡೆದುಕೊಂಡ ಎಂದು ಬರೆದರೆ ಒಮ್ಮೆ ನಗು ಬರುತ್ತದೆ. ನಾಲ್ಕನೆಯ ಸಲ ಆ ಆಟಗಾರನ ಮುಖ ನೋಡಿ. "ಪಾಚಿಗೆ ಕಾಲು ಜಾರಿತು" ಎಂದರೆ ದಾಳದ ಮರ್ಯಾದೆಯೂ ಉಳಿಯಿತು, ಪಾತ್ರದ್ದೂ ಉಳಿಯಿತು.

ಹೆಜ್ಜೆ 5: ಪಾತ್ರ, ಜಾಗ

ಹೊಸ ಪಾತ್ರ ಬಂದಾಗ ಎತ್ತರ, ಕೂದಲಿನ ಬಣ್ಣ, ಕಣ್ಣಿನ ಬಣ್ಣ ಎಂದು ಪಟ್ಟಿ ಕೊಡುವವರಿದ್ದಾರೆ. ಬಾದಾಮಿಗೆ ಹೋದಾಗ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ನೋಡಿ ಬನ್ನಿ. ತ್ರಿಪದಿಯ ಅತಿ ಹಳೆಯ ಉದಾಹರಣೆ ಎಂದು ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್." ಅವನು ಎಷ್ಟು ಎತ್ತರ ಇದ್ದ, ಮೀಸೆ ಹೇಗಿತ್ತು, ಒಂದೂ ಇಲ್ಲ. ಒಳ್ಳೆಯವರ ಜೊತೆ ಹೇಗೆ, ಕಾಡಿದವರ ಜೊತೆ ಹೇಗೆ, ಅಷ್ಟೇ. ಸಾವಿರದ ಮುನ್ನೂರು ವರ್ಷದ ಹಿಂದಿನ ಒಳ್ಳೆಯ ಕ್ಯಾರೆಕ್ಟರ್ ಶೀಟ್ ಅದು. ಖಾದರ್ ಕಾಕಾನನ್ನು ನಾವು ಬರೆದದ್ದು ಹೀಗೆ: "ನೀರು ಕೇಳಿದವರಿಗೆ ಇಲ್ಲ ಅನ್ನುವುದಿಲ್ಲ, ನೀರು ಚೆಲ್ಲಿದವರನ್ನು ಬಿಡುವುದಿಲ್ಲ."

ಪಾತ್ರ ತಾನೇ ಬಾಯಿಬಿಟ್ಟು ಪರಿಚಯ ಹೇಳಿಕೊಳ್ಳಬೇಕಾದರೆ ದೊಡ್ಡಾಟದ ಸಾರಥಿಯನ್ನು ಎರವಲು ತನ್ನಿ. ರಂಗಕ್ಕೆ ಬಂದ ವೇಷವನ್ನು ಸಾರಥಿ ನಿಲ್ಲಿಸಿ, ನೀವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು ಎಂದು ಕೇಳುತ್ತಾನೆ. ವೇಷ ಗತ್ತಿನಿಂದ ಉತ್ತರ ಕೊಡುತ್ತದೆ. ನಮ್ಮ ಗುಂಪಿಗೆ ಹೊಸ ಆಟಗಾರ ಸೇರಿದಾಗ ಊರಬಾಗಿಲಿನ ಪಹರೆಯವನಿಂದ ಇದನ್ನೇ ಕೇಳಿಸಿ, ಕೊಟ್ಟ ಉತ್ತರವನ್ನು ಹಾಗೆಯೇ ರೀಕ್ಯಾಪ್‌ಗೆ ಹಾಕಿದೆವು.

ಜಾಗಕ್ಕೆ ಒಂದೇ ವಿವರ ಕೊಡಿ, ಅದು ಗಟ್ಟಿಯಾಗಿರಲಿ. ನಮ್ಮೂರಿನ ಮಲಿಕ್-ಎ-ಮೈದಾನ್ ತೋಪನ್ನು ನೆನೆಸಿಕೊಳ್ಳಿ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಆದರೆ ಷೇರ್ಜಾ ಬುರುಜಿಗೆ ಹೋಗಿ ಬಂದವರ ತಲೆಯಲ್ಲಿ ಉಳಿಯುವುದು ಬಾಯಿ: ಸಿಂಹ ದವಡೆ ತೆರೆದಿದೆ, ಹಲ್ಲುಗಳ ನಡುವೆ ಆನೆ ಸಿಕ್ಕಿದೆ. ನಿಮ್ಮ ಕಥೆಯ ಕೋಟೆ, ಗುಹೆ, ಪಡಖಾನೆಗೂ ಇಂಥ ಒಂದು ಬಾಯಿ ಹುಡುಕಿ, ಉಳಿದದ್ದು ಬಿಡಿ.

ಭಾಷೆಯ ಬಗ್ಗೆ ಒಂದು ಮಾತು. ನಿರೂಪಣೆ ಯಾವ ಕನ್ನಡದಲ್ಲಿ ಬೇಕಾದರೂ ಇರಲಿ, ಮಾತುಕತೆ ಮಾತ್ರ ಮೇಜಿನ ಮೇಲೆ ಆಡಿದ ಹಾಗೇ ಇರಲಿ. ನಮ್ಮಲ್ಲಿ ರುಸ್ತುಂ ಸುಲ್ತಾನನ ಮುಂದೆ "ಹುಜೂರ್" ಅನ್ನುತ್ತಾನೆ, ಖಾದರ್ ಕಾಕಾಗೆ "ಹೌದ್ರೀ ಕಾಕಾ" ಅನ್ನುತ್ತಾನೆ, ಬಸ್ಯಾಗೆ "ಲೇ" ಅನ್ನುತ್ತಾನೆ. ಸುರಂಗದಿಂದ ಎದ್ದು ಬಂದ ಮೇಲೆ ಒಂದು ಸಲ ಬಸ್ಯಾನಿಗೆ "ತಮ್ಮಾ" ಅಂದ. ಬರೆಯುವವಳು ಆ ಒಂದು ಪದ ಬಿಟ್ಟಿದ್ದರೆ ಅವರಿಬ್ಬರ ನಡುವೆ ಏನು ಬದಲಾಯಿತು ಎಂದು ವಿವರಿಸಲು ಒಂದು ಪ್ಯಾರಾ ಬೇಕಾಗುತ್ತಿತ್ತು.

ಹೆಜ್ಜೆ 6: ಯಾರಿಗೆ ಏನು ಗೊತ್ತು

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಆಡಿದ ಮಾತು ಸುಮಾರು 38 ಮೀಟರ್ ಆಚೆ, ಎದುರು ಗೋಡೆಯ ಹತ್ತಿರ ನಿಂತವರಿಗೆ ಕೇಳುತ್ತದೆ. ನಮ್ಮ ಡಿಎಂ ಇದನ್ನು ಆಟಕ್ಕೆ ತಂದರು: ಗುಮ್ಮಟದೊಳಗೆ ಬಸ್ಯಾ ನೀಲಾಳ ಕಿವಿಯಲ್ಲಿ ಹೇಳಿದ್ದು ಎದುರಿಗಿದ್ದ ಗೂಢಚಾರನಿಗೆ ಸ್ಪಷ್ಟವಾಗಿ ಕೇಳಿತು. ಆದರೆ ಬಾಗಿಲಲ್ಲಿ ನಿಂತಿದ್ದ ರುಸ್ತುಂ, ಗೌರವ್ವರಿಗೆ ಅದು ಕೇಳಿರಲಿಲ್ಲ. ಮೇಜಿನ ಸುತ್ತ ಇದ್ದವರಿಗೆ ಮಾತ್ರ ಎಲ್ಲವೂ ಕೇಳಿತ್ತು.

ಬರೆಯುವವರು ಎಡವುವುದು ಇಲ್ಲೇ. ಗುಂಪು ಎರಡಾಗಿ ಒಡೆದಾಗ ಪ್ರತಿ ತುಂಡನ್ನು ಬೇರೆ ಬೇರೆ ಬರೆಯಿರಿ, ಮೇಲೆ ಯಾರು ಯಾರು ಅಲ್ಲಿದ್ದರು ಎಂದು ಹಾಕಿ. ಮುಂದೆ "ಅದು ನನಗ ಗೊತ್ತಿತ್ತು" ಎಂಬ ವಾದ ಬಂದಾಗ ಈ ಸಾಲೇ ಪಂಚಾಯ್ತಿ ಬಗೆಹರಿಸುತ್ತದೆ.

ಇನ್ನು ಚೀಟಿ. ಕೆಲವು ಆಟಗಾರರು ಡಿಎಂಗೆ ಗುಟ್ಟಾಗಿ ಚೀಟಿ ಕೊಡುತ್ತಾರೆ. ಅದರಲ್ಲಿ ಏನಿತ್ತು ಎಂಬುದು ಅಕಸ್ಮಾತ್ ನಿಮಗೆ ಗೊತ್ತಾದರೂ ಬರೆಯುವಂತಿಲ್ಲ. ಕ್ಯೂಬಿನ ಹೊಟ್ಟೆಯಿಂದ ರುಸ್ತುಂನನ್ನು ಎಳೆಯುವಾಗ ಬಸ್ಯಾ ಹಿತ್ತಾಳೆ ಕೀಲಿಯನ್ನೂ ಮುಷ್ಟಿಯಲ್ಲಿ ಮುಚ್ಚಿಕೊಂಡಿದ್ದ, ಚೀಟಿಯಲ್ಲಿದ್ದದ್ದು ಅದೇ. ಈಗ ಆ ಗುಟ್ಟು ಬಯಲಾಗಿ ದೊಡ್ಡ ರಾದ್ಧಾಂತವೂ ಆಗಿ ಹೋಗಿದೆ, ಅದಕ್ಕೇ ಇಲ್ಲಿ ಬರೆದೆ. ಆಗಿನ ರೀಕ್ಯಾಪ್‌ನಲ್ಲಿ ಕೀಲಿ ತೇಲುತ್ತಿದ್ದದ್ದು ಮಾತ್ರ ಇದೆ, ಅದು ಎಲ್ಲಿ ಹೋಯಿತು ಎಂಬ ಮಾತಿಲ್ಲ.

ಪಾತ್ರದ ಬಾಯಲ್ಲೇ, ದಿನಚರಿಯ ಹಾಗೆ ಬರೆಯುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಬರೆಯಿರಿ, ಚೆಂದ ಇರುತ್ತದೆ. ಬಸ್ಯಾ ಬರೆದರೆ ಅರ್ಧ ಸುಳ್ಳಿರುತ್ತದೆ, ಅದೇ ಮಜಾ. ಆದರೆ ಅದು ಗುಂಪಿನ ದಾಖಲೆ ಆಗಲಾರದು. ಕೆಳಗೆ ನೇರವಾದ ನಾಲ್ಕು ಸಾಲಿನ ಸಾರಾಂಶ ಸೇರಿಸಲೇಬೇಕು.

ಹೆಜ್ಜೆ 7: ಲೆಕ್ಕದ ಪುಟ

ಕಥೆ ಮುಗಿದ ಕೆಳಗೆ ಒಂದು ಗೆರೆ ಎಳೆದು ಲೆಕ್ಕ ಬರೆಯಿರಿ. ಇಲ್ಲಿ ಶೈಲಿ ಬೇಡ. ನಮ್ಮದು ಹೀಗಿರುತ್ತದೆ:

ಆಟದೊಳಗಿನ ದಿನ: ಕಾರ ಹುಣ್ಣಿಮೆಯ ಮರುದಿನ, ಸಂಜೆ.
ಬಂದದ್ದು: ತಾಮ್ರದ ಕೊಡ (ಗೌರವ್ವ), ಖಾದರ್ ಕಾಕಾ ಕೊಟ್ಟ 40 ಬೆಳ್ಳಿ ನಾಣ್ಯ, ಅಂದರೆ 4 ಚಿನ್ನ (ಹಂಚಿಲ್ಲ).
ಹೋದದ್ದು: ರುಸ್ತುಂನ ಢಾಲು, ಹಗ್ಗ, ಗೌರವ್ವನ ಕೊನೆಯ ಸ್ಪೆಲ್ ಸ್ಲಾಟ್ (ಮಂತ್ರ ಹಾಕುವ ಅವಕಾಶ).
ಕೊಟ್ಟ ಮಾತು: ಮೂರನೆಯ ಗಂಜನ್ನೂ ನೋಡಿ ಬರುತ್ತೇವೆ ಎಂದು ಕಾಕಾಗೆ (ನೀಲಾ ಹೇಳಿದ್ದು).
ಉತ್ತರ ಸಿಗದ್ದು: ಕ್ಯೂಬ್ ಸುರಂಗಕ್ಕೆ ಬಂದದ್ದು ಹೇಗೆ?
ನಿಂತದ್ದು: ಕಿಂಡಿಯ ಬಾಯಲ್ಲಿ, ಲಾಂಗ್ ರೆಸ್ಟ್ ಆಗಿಲ್ಲ.

ಕೊನೆಯ ಸಾಲನ್ನು ಮರೆಯಬೇಡಿ. ಲಾಂಗ್ ರೆಸ್ಟ್ ಅಂದರೆ ಎಂಟು ತಾಸಿನ ವಿಶ್ರಾಂತಿ, ಹಿಟ್ ಪಾಯಿಂಟ್ ಪೂರ್ತಿ ಮರಳುತ್ತದೆ. ಅದು ಆಗಿತ್ತೋ ಇಲ್ಲವೋ ಎಂಬುದನ್ನು ಬರೆದಿಡದಿದ್ದರೆ ಮುಂದಿನ ಸಲ ಎಲ್ಲರಿಗೂ "ಆಗಿತ್ತು" ಎಂದೇ ನೆನಪಿರುತ್ತದೆ.

ಹೆಜ್ಜೆ 8: ಹಂಚುವ ಮುನ್ನ

ಗುಂಪಿನೊಳಗೆ ಹಂಚುವುದಾದರೆ ವಾಟ್ಸಾಪ್‌ಗೆ ಐದು ಸಾಲು, ಪೂರ್ತಿ ಕಥೆ ಎಲ್ಲರಿಗೂ ತೆರೆಯುವ ಒಂದೇ ಗೂಗಲ್ ಡಾಕ್‌ನಲ್ಲಿ. ಹೊರಗಿನವರಿಗೂ ಓದಲು ಕೊಡುವುದಾದರೆ ಆಟಗಾರರ ನಿಜ ಹೆಸರು ತೆಗೆದು ಪಾತ್ರದ ಹೆಸರು ಮಾತ್ರ ಉಳಿಸಿ. ಮೇಜಿನ ಮೇಲೆ ಆಡಿದ ಮನೆಯ ಮಾತು, ಆಫೀಸಿನ ಮಾತು ಹೊರಗೆ ಹೋಗಬಾರದು.

ಅಚ್ಚಾದ ಸಾಹಸ ಪುಸ್ತಕವನ್ನು ಆಡುತ್ತಿದ್ದರೆ ಅದರ ವರ್ಣನೆಯನ್ನು ಸಾಲು ಸಾಲಾಗಿ ಇಳಿಸಬೇಡಿ, ನಿಮ್ಮ ಮಾತಿನಲ್ಲಿ ಹೇಳಿ. ಒಗಟಿನ ಉತ್ತರವನ್ನೂ ಮರೆಮಾಡಿ, ಅದನ್ನೇ ಆಡಬೇಕೆಂದಿರುವ ಬೇರೆ ಗುಂಪು ಓದಬಹುದು. ನಿಯಮದ ಭಾಗಕ್ಕೆ ಅಷ್ಟು ಹೆದರಬೇಕಿಲ್ಲ. ಐದನೆಯ ಆವೃತ್ತಿಯ ಮೂಲ ನಿಯಮಗಳ ಸಂಗ್ರಹ, ಎಸ್ಆರ್‌ಡಿ 5.1, 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಂದಿದೆ. ಮೂಲ ಹೇಳಿ ಬಳಸಬಹುದು.

ಯಾರದಾದರೂ ಪಾತ್ರ ಸತ್ತಿದ್ದರೆ ಬರೆಯುವ ಮೊದಲು ಆ ಆಟಗಾರನಿಗೆ ಫೋನ್ ಹಚ್ಚಿ. "ಕೊನೀಗೆ ಅವ ಏನಂದಾ ಅಂತ ಬರೀಲಿ?" ಎಂದು ಕೇಳಿ. ಎರಡು ವರ್ಷ ಸಾಕಿದ ಪಾತ್ರದ ಕೊನೆಯ ಮಾತನ್ನು ಇನ್ನೊಬ್ಬರು ಬರೆಯುವುದು ಸರಿಯಲ್ಲ.

ಹೆಜ್ಜೆ 9: ಮುಂದಿನ ಸೆಷನ್ನಿನಲ್ಲಿ ಓದುವುದು

ಇಡೀ ಕಥೆ ಓದಬೇಡಿ. ಎರಡು ನಿಮಿಷ ಸಾಕು, ಅಂದರೆ ಸುಮಾರು ಎರಡು ಪ್ಯಾರಾ, ಲೆಕ್ಕದ ಪುಟದಿಂದ "ಕೊಟ್ಟ ಮಾತು" ಮತ್ತು "ನಿಂತದ್ದು". ಹೋದ ಸಲ ಬಾರದವರು ಓದಿದರೆ ಇನ್ನೂ ಒಳ್ಳೆಯದು. ಓದುತ್ತ ಓದುತ್ತ ಅವರೇ ಪ್ರಶ್ನೆ ಕೇಳುತ್ತಾರೆ, ಉಳಿದವರ ನೆನಪೂ ಬಿಚ್ಚಿಕೊಳ್ಳುತ್ತದೆ. ಡಿಎಂ ತಪ್ಪು ಕಂಡರೆ ಆಗಲೇ ತಿದ್ದಲಿ. ಒಂದು ವಿನಾಯಿತಿ: ಪಾತ್ರಗಳೇ ತಪ್ಪು ತಿಳಿದುಕೊಂಡಿದ್ದರೆ ಡಿಎಂ ಸುಮ್ಮನಿರಬೇಕು.

ಬರೆದವರಿಗೆ ಬಹುಮಾನ ಕೊಡುವ ಪದ್ಧತಿಯೂ ಇದೆ. ನಮ್ಮಲ್ಲಿ ಒಂದು ಇನ್‌ಸ್ಪಿರೇಶನ್ ಕೊಡುತ್ತಾರೆ. ಬೇಕಾದ ಒಂದು ರೋಲ್‌ಗೆ ಎರಡು ದಾಳ ಹಾಕಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ಈ ಒಂದು ದಾಳದ ಆಸೆಗೆ, ವಾಟ್ಸಾಪ್ ಮೆಸೇಜಿಗೂ ಉತ್ತರ ಕೊಡದವರು ಎರಡು ಪುಟ ಬರೆದುಕೊಂಡು ಬಂದದ್ದುಂಟು.

ಬಾಕಿ ಉಳಿದರೆ

ಉಳಿಯುತ್ತದೆ. ಮೂರ್ನಾಲ್ಕು ಸೆಷನ್ ಬರೆಯದೆ ಬಿಟ್ಟು, ಈಗ ಎಲ್ಲವನ್ನೂ ಬರೆದೇ ಮುಂದೆ ಹೋಗುತ್ತೇನೆ ಎಂದು ಕುಳಿತವರು ಒಂದನ್ನೂ ಮುಗಿಸುವುದಿಲ್ಲ. ಈಚಿನ ಸೆಷನ್ ಮೊದಲು ಪೂರ್ತಿ ಬರೆಯಿರಿ. ಹಿಂದಿನವಕ್ಕೆ ತಲಾ ಒಂದೇ ವಾಕ್ಯ, ಅದರಲ್ಲಿ ಒಂದು ನಿರ್ಧಾರ ಇದ್ದರೆ ಸಾಕು: "ಸುಲ್ತಾನನ ಹಣ ಬೇಡವೆಂದು ಹೊರಟರು." ಗುಂಪಿನ ಎಲ್ಲರನ್ನೂ ಕೇಳಿ ಆ ವಾಕ್ಯ ತುಂಬಿಸಿ, ಇಬ್ಬರು ಎರಡು ಬಗೆಯಲ್ಲಿ ಹೇಳಿದರೆ ಎರಡನ್ನೂ ಹಾಕಿ. ಸೆಷನ್ನಿನ ಕ್ರಮಸಂಖ್ಯೆ ಮಾತ್ರ ತಪ್ಪಿಸಬೇಡಿ. ಏನೂ ನೆನಪಿಲ್ಲದ ಸೆಷನ್ನಿಗೂ ಒಂದು ಪುಟ ಇರಲಿ, ಮೇಲೆ ದಿನಾಂಕ, ಬಂದವರ ಹೆಸರು, ಕೆಳಗೆ ಜಾಗ ಖಾಲಿ.